ಐವತ್ತೆಂಟರಲ್ಲಿ ಒಂದು ಇಂಟರ್‌ವ್ಯೂ

ಹೋದ ಮಳೆಗಾಲದ ಒಂದು ದಿನದ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ, ಈಗ ಸ್ವಲ್ಪ ಪುರುಸೊತ್ತು ಸಿಕ್ಕಿದೆ.

ಮೊದ್ಲು ನನ್ನ ವಿಷ್ಯ ಹೇಳ್ಬಿಡ್ತೀನಿ. ನಮ್ಮನೆ ಮೇಗರವಳ್ಳಿ ಹತ್ರ, ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಲಿ. ಮೂವತ್ತು ವರ್ಷದ ಮೇಲೆ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟಿದೀನಿ, ಎಲ್ಲಾ ಅನುದಾನರಹಿತ ಶಾಲೆಲೇ. ಅಂದ್ರೆ ಸರ್ಕಾರದ ಪಿಂಚಣಿ ಇಲ್ಲ. ಐವತ್ತೆಂಟು ತುಂಬಿದ್ ಕೂಡ್ಲೇ ಹಾರ ಹಾಕಿ, ಫೋಟೋ ತೆಗ್ಸಿ ಮನೆಗೆ ಕಳ್ಸಿದ್ರು. ಪಿಎಫ್ ಪಿಂಚಣಿ ಅಂತ ಒಂದು ಬರುತ್ತಲ್ಲ, ಅದೂ 58ಕ್ಕೇ ಶುರು, ಅದರ ಲೆಕ್ಕ ಏನಂದ್ರೆ ಸಂಬಳ ಎಷ್ಟೇ ಇದ್ರೂ 15,000 ಅಂತಲೇ ಮಿತಿ, ಅದನ್ನ ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸ್ತಾರೆ, ನನ್ನ ಪಿಎಫ್ ಶುರು ಮಾಡಿದ್ದೇ ತಡ ಆಗಿದ್ರಿಂದ ಕೈಗೆ ಬರೋದು ತಿಂಗಳಿಗೆ ಮೂರು ಸಾವಿರದ ಆಸುಪಾಸು. ಇತ್ತ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಮೂರು ವರ್ಷ ಆಯ್ತು. ಹದಿನೆಂಟು ಕ್ವಿಂಟಾಲ್ ಒಣಡಿಕೆ ಆಗ್ತಿದ್ದ ಜಾಗದಲ್ಲಿ ಹೋದ ಸಲ ಏಳು. ಮಲೆನಾಡಿನವ್ರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ದುಡ್ಡಿನ ಮಾತು ಇಷ್ಟು. ಆದ್ರೆ ದುಡ್ಡೊಂದೇ ಅಲ್ಲ. ಜೂನ್ ಒಂದಕ್ಕೆ ಬೇರೆ ಮಕ್ಕಳು ಹೊಸ ಕೊಡೆ ಹಿಡ್ಕೊಂಡು ಬಸ್‌ಸ್ಟಾಂಡಲ್ಲಿ ನಿಂತಿದ್ದು ನೋಡಿ ನಂಗೆ ಒಳಗೆ ಏನೋ ಆಯ್ತು, ನಂಗಿನ್ನೂ ಪಾಠ ಮಾಡೋಕೆ ಬರುತ್ತೆ, ಇನ್ನೂ ಚೆನ್ನಾಗೇ ಬರುತ್ತೆ, ಮೊದ್ಲಿಗಿಂತ ಚೆನ್ನಾಗಿ ಬರುತ್ತೆ ಅಂತ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು.

ಹೊರದೇಶಕ್ಕೆ ಅರ್ಜಿ ಹಾಕೋ ಐಡಿಯಾ ಬೆಂಗಳೂರಲ್ಲಿರೋ ಮಗಂದು. ಅವ್ನು ಸುಮ್ನೆ ಹೇಳಿದ್ದ, ನಾನು ಗಟ್ಟಿಯಾಗಿ ಹಿಡ್ಕೊಂಡೆ. ಗಲ್ಫ್ ದೇಶಗಳಲ್ಲಿ ಸಿಬಿಎಸ್‌ಇ ಶಾಲೆಗಳು ಬೇಕಾದಷ್ಟಿವೆ, ಆದ್ರೆ ನಾನು ನೋಡಿದ ಜಾಹೀರಾತು ಹತ್ತರಲ್ಲಿ ಎಂಟರಲ್ಲಿ 45 ವರ್ಷದೊಳಗಿನವ್ರು ಅಂತ ಮೊದಲ್ನೇ ಸಾಲಲ್ಲೇ ಇರ್ತಿತ್ತು. ಚೀನಾದಲ್ಲಿ ಕೆಲಸದ ಪರವಾನಗಿಗೆ ಸಾಮಾನ್ಯವಾಗಿ 60ರ ಗಡಿ, ನಂಗೆ ಅಲ್ಲಿಗೆ ಒಂದೂವರೆ ವರ್ಷ ಬಾಕಿ, ಯಾರು ತಗೋತಾರೆ? ಬೆಂಗಳೂರಿನ ಒಬ್ಬ ಏಜೆಂಟು ಮಾತ್ರ ವಯಸ್ಸು ಗಿಯಸ್ಸು ಏನೂ ಪ್ರಾಬ್ಲಂ ಇಲ್ಲ ಮೇಡಂ, ಒಂದೂವರೆ ಲಕ್ಷ ಕಟ್ಟಿ ಅಂದ. ಮಗ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಲ್ಲಿ ನೋಡಿದ್ರೆ ಅವನ ಹೆಸರೇ ಇಲ್ಲ. ಅಲ್ಲಿ ನೋಂದಣಿ ಆಗಿರೋ ಏಜೆಂಟರ ಲೈಸೆನ್ಸ್ ನಂಬರ್ ಸಮೇತ ಪಟ್ಟಿ ಇರುತ್ತೆ, ಅವ್ರೂ ಕೂಡ ನಮ್ಮ ಹತ್ರ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ನನ್ನ ಥರ ಹುಡುಕ್ತಿರೋರು ದಯವಿಟ್ಟು ಇದೊಂದನ್ನ ಮೊದ್ಲು ನೋಡ್ಕೊಳ್ಳಿ. ವಯಸ್ಸಾದೋರಿಗೆ ಎಲ್ಲರೂ ಇಲ್ಲ ಅಂತಿರ್ವಾಗ ಒಬ್ಬ ಹೂಂ ಅಂದ್ರೆ ಕೈ ಚೆಕ್‌ಬುಕ್ಕಿಗೆ ಹೋಗ್ಬಿಡುತ್ತೆ.

ಇನ್ನೊಂದು ಸರ್ಟಿಫಿಕೇಟಿನ ಕಥೆ. ನನ್ನ ಬಿಎಸ್ಸಿ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಲ್ಲಿ, 1987ರಲ್ಲಿ ಮುಗ್ದಿದ್ದು, ಡಿಗ್ರಿ ಕೊಟ್ಟಿದ್ದು ಮೈಸೂರು ವಿಶ್ವವಿದ್ಯಾಲಯ. ಅದೇ ವರ್ಷ ಕುವೆಂಪು ವಿವಿ ಶುರುವಾಯ್ತು, ಹಾಗಾಗಿ ಬಿಎಡ್ ಅವರದ್ದು. ಹೊರದೇಶಕ್ಕೆ ಅಟೆಸ್ಟೇಷನ್ ಮಾಡ್ಸ್ಬೇಕು, ಅಂದ್ರೆ ಸರ್ಟಿಫಿಕೇಟು ಅಸಲಿ ಅಂತ ಸೀಲು ಹಾಕ್ಸೋದು, ಅದಕ್ಕೆ ಮೊದ್ಲು ವಿಶ್ವವಿದ್ಯಾಲಯದ ಪರಿಶೀಲನೆ, ಆಮೇಲೆ ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಕೆಲವು ದೇಶಕ್ಕಾದ್ರೆ ಅವರ ರಾಯಭಾರ ಕಚೇರಿನೂ ಆಗ್ಬೇಕು, ಹಾಗಾಗಿ ನಂಗೆ ಒಂದು ಕಾಗದಕ್ಕೆ ಮೈಸೂರು, ಇನ್ನೊಂದಕ್ಕೆ ಕುವೆಂಪು ವಿವಿ ಇರೋ ಶಂಕರಘಟ್ಟ. ಓಡಾಡಿದ್ರೆ ಆಗುತ್ತೆ ಬಿಡಿ. ಆದ್ರೆ ಎರಡಕ್ಕೂ ನಾನು ತೊಂಬತ್ತರ ದಶಕದಲ್ಲಿ ಲ್ಯಾಮಿನೇಷನ್ ಮಾಡ್ಸಿಬಿಟ್ಟಿದ್ದೆ! ಇಲ್ಲಿನ ಮಳೆಗೆ ಪೆಟ್ಟಿಗೆಲಿಟ್ಟ ಕಾಗದಕ್ಕೆಲ್ಲ ಬೂಷ್ಟು ಹಿಡಿಯುತ್ತೆ, ಅದಕ್ಕೇ ಮಾಡ್ಸಿದ್ದು. ಅಟೆಸ್ಟೇಷನ್ ಸೀಲು ಕಾಗದದ ಮೇಲೇ ಬೀಳ್ಬೇಕು, ಪ್ಲಾಸ್ಟಿಕ್ ಮೇಲೆ ಹಾಕಲ್ಲ.

ತೀರ್ಥಹಳ್ಳಿಲಿ ಫೋಟೋ ಸ್ಟುಡಿಯೋ ಇಟ್ಕೊಂಡಿರೋ ನನ್ನ ಹಳೇ ವಿದ್ಯಾರ್ಥಿ ಒಬ್ಬ ಇದಾನೆ, ಜೆರಾಕ್ಸು, ಲ್ಯಾಮಿನೇಷನ್ನು ಎಲ್ಲಾ ಅವನ ಹತ್ರಾನೇ. ಅವ್ನು ಮೊದ್ಲು ಒಂದು ಬೇಡದ ಕಾಗದ ಲ್ಯಾಮಿನೇಟ್ ಮಾಡಿ, ಅದನ್ನ ಬಿಡಿಸಿ ನೋಡಿ, ಆಮೇಲೆ ನಂದನ್ನ ಕೈಗೆ ತಗೊಂಡ. ಮೇಲೆ ಹತ್ತಿಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆನ ಕಡಿಮೆ ಬಿಸಿಗೆ ಇಟ್ಟು ಒಂದು ಮೂಲೆ ಬೆಚ್ಚಗೆ ಮಾಡೋದು, ಬ್ಲೇಡಿಂದ ಪ್ಲಾಸ್ಟಿಕ್ ಎಬ್ಬಿಸೋದು, ಒಂದಿಂಚು ಸುಲಿಯೋದು, ನಿಲ್ಸೋದು, ಮತ್ತೆ ಬೆಚ್ಚಗೆ ಮಾಡೋದು. ಎರಡೂವರೆ ಗಂಟೆ. ನನ್ನ ಹೆಸರು ಶಾಯಿಲಿ ಕೈಯಲ್ಲಿ ಬರ್ದಿದ್ದು, ಆ ಸಾಲು ಬಂದಾಗ ಅವ್ನು ಉಸಿರು ಬಿಗಿಹಿಡ್ಕೊಂಡು ಸುಲಿದ, ನಾನು ಆಚೆ ಹೋಗಿ ರಸ್ತೆ ನೋಡ್ತಾ ನಿಂತೆ. ಬಲಗಡೆ ಕೆಳಗಿನ ಮೂಲೆ ಉಗುರಿನಷ್ಟು ಹರೀತು ಅಷ್ಟೆ. ಕಾಸು ಬೇಡ ಟೀಚರ್ ಅಂದ. ನಾನು ಬಿಡ್ಲಿಲ್ಲ, ಕೊಟ್ಟೆ.

ಹೀಗೆ ಹನ್ನೊಂದು ಅರ್ಜಿ ಹಾಕಿದ್ರಲ್ಲಿ ಒಂಬತ್ತಕ್ಕೆ ಉತ್ತರಾನೇ ಇಲ್ಲ, ಒಂದು ಕಡೆ ವಯಸ್ಸು ನೋಡಿ ವಿಷಾದಿಸ್ತೀವಿ ಅಂತ ಬರೆದ್ರು. ಉತ್ತರ ಬರೆದಿದ್ರಲ್ಲ, ಅದಕ್ಕೇ ಅವ್ರ ಮೇಲೆ ಗೌರವ ಬಂತು. ಕೊನೇದು ಮಾಲ್ಡೀವ್ಸ್‌ನ ಒಂದು ದ್ವೀಪದ ಶಾಲೆ. ಇಂಟರ್‌ವ್ಯೂಗೆ ಕರೆದ್ರು, ವಿಡಿಯೋ ಕಾಲಲ್ಲಿ, ಜುಲೈಲಿ, ಬೆಳಿಗ್ಗೆ ಹತ್ತು ಗಂಟೆಗೆ.

ಜುಲೈ ಅಂದ್ರೆ ನಮ್ಮಲ್ಲಿ ಹೇಗಿರುತ್ತೆ ಗೊತ್ತಲ್ಲ. ಗಾಳಿಮಳೆಗೆ ಮರ ಬಿದ್ದು ಮೂರು ದಿನದಿಂದ ಕರೆಂಟಿಲ್ಲ, ಕರೆಂಟಿಲ್ಲ ಅಂದ್ರೆ ಟವರಿನ ಬ್ಯಾಟ್ರಿ ಮುಗಿಯುತ್ತೆ, ಟವರಿಲ್ಲ ಅಂದ್ರೆ ಫೋನು ಬರೀ ಟಾರ್ಚು. ಅದಕ್ಕೆ ಹಿಂದಿನ ದಿನಾನೇ ಆ ಸ್ಟುಡಿಯೋ ಹುಡುಗನಿಗೆ ಹೇಳಿದ್ದೆ, ಅವನಲ್ಲಿ ಯುಪಿಎಸ್ಸೂ ಇದೆ, ಕೇಬಲ್ ಇಂಟರ್ನೆಟ್ಟೂ ಇದೆ. ಬೆಳಿಗ್ಗೆ ಏಳೂವರೆಗೇ ನಮ್ಮನೆಯವ್ರು ಓಮ್ನಿ ತೆಗ್ದ್ರು. ತೋಟಕ್ಕೆ ಎರಡನೇ ಸುತ್ತು ಕೊಳೆರೋಗದ ಔಷಧಿ ಹೊಡೆಸ್ಬೇಕಿತ್ತು, ಮಳೆ ಬಿಡದೆ ಆಳುಗಳು ಬಂದಿರ್ಲಿಲ್ಲ, ಇಲ್ದಿದ್ರೆ ಅವ್ರು ಬರೋಕೇ ಆಗ್ತಿರ್ಲಿಲ್ಲ.

ಒಂಬತ್ತೂವರೆಗೆ ಸ್ಟುಡಿಯೋದಲ್ಲಿ ಕೂತೆ. ಹುಡುಗ ಮೇಲ್ ಓದಿ, "ಟೀಚರ್, ಇದು ಮಾಲ್ಡೀವ್ಸ್ ರಾಜಧಾನಿ ಮಾಲೆಯ ಟೈಮು. ನಮಗಿಂತ ಅರ್ಧ ಗಂಟೆ ಹಿಂದೆ. ಅಂದ್ರೆ ಇಲ್ಲಿ ಹತ್ತೂವರೆ" ಅಂದ. ಒಂದು ಗಂಟೆ ಬಾಕಿ. ಅಲ್ಲಿ ಕೂತ್ರೆ ಎದೆ ಹೊಡ್ಕೊಳ್ಳೋದು ಜಾಸ್ತಿ ಆಗುತ್ತೆ ಅಂತ ನಮ್ಮನೆಯವ್ರಿಗೆ ಅನ್ನಿಸಿರ್ಬೇಕು, "ಬಾ ಮಾರಾಯ್ತಿ, ಹೊಳೆ ನೋಡ್ಕೊಂಡು ಬರೋಣ" ಅಂದ್ರು.

ತುಂಗೆ ಕೆಂಪಗೆ ತುಂಬಿ ಹರೀತಿತ್ತು. ಮಳೆ ಹನಿ ನಿಂತಿದ್ರಿಂದ ಕೊಡೆ ಮಡ್ಚಿ ಹತ್ತಿಪ್ಪತ್ತು ಜನ ನಿಂತಿದ್ರು, ಎಲ್ರ ಕಣ್ಣೂ ಹೊಳೆ ನಡುವಿನ ರಾಮಮಂಟಪದ ಮೇಲೇ. ನಮ್ಮೂರಲ್ಲಿ ಹೊಳೆ ಎಷ್ಟು ಬಂದಿದೆ ಅಂದ್ರೆ ಯಾರೂ ಅಡಿ ಲೆಕ್ಕ ಹೇಳಲ್ಲ, ಮಂಟಪ ಕಾಣುತ್ತಾ ಮುಳುಗ್ತಾ ಅಂತಲೇ ಕೇಳೋದು. ಒಬ್ರು ಅಜ್ಜ ಪಕ್ಕದಲ್ಲಿರೋ ಹುಡುಗನಿಗೆ, "ನಿನ್ನೆ ಸಂಜೆ ಮಂಟಪದ ಬುಡಕ್ಕಿತ್ತು, ಈಗ ನೋಡು ನೆಲ ದಾಟಿದೆ" ಅಂತಿದ್ರು. ನಾನು ಅದನ್ನ ಕೇಳಿಸ್ಕೊಂಡೆ, ಆಗ ಏನೂ ಅನ್ನಿಸ್ಲಿಲ್ಲ.

ಹತ್ತೂವರೆಗೆ ಸರಿಯಾಗಿ ಕಾಲ್ ಬಂತು. ಆ ಕಡೆ ಇಬ್ರು, ಪ್ರಿನ್ಸಿಪಾಲ್ ಅಲ್ಲಿಯವ್ರೇ ಒಬ್ಬ ಹೆಣ್ಣುಮಗಳು, ನಲವತ್ತರ ಹತ್ರ ಇರ್ಬಹುದು, ಇನ್ನೊಬ್ರು ಗಣಿತ ವಿಭಾಗದ ಮುಖ್ಯಸ್ಥರು, ಕೇರಳದವ್ರು. ಹೆಸರು, ಅನುಭವ ಆದ್ಮೇಲೆ ಮೂರನೇ ಪ್ರಶ್ನೆಗೇ ವಯಸ್ಸು ಬಂತು. ದ್ವೀಪ ಚಿಕ್ಕದು, ದೊಡ್ಡಾಸ್ಪತ್ರೆಗೆ ದೋಣಿಲಿ ಹೋಗ್ಬೇಕು, ನಿಮ್ಮ ಆರೋಗ್ಯ ಹೇಗೆ ಅಂದ್ರು. ನಾನು ಮುಚ್ಚಿಡ್ಲಿಲ್ಲ. ಬಿಪಿಗೆ ದಿನಕ್ಕೊಂದು ಮಾತ್ರೆ ತಗೋತೀನಿ, ಸಕ್ಕರೆ ಕಾಯಿಲೆ ಇಲ್ಲ, ಮಂಡಿ ಸರಿ ಇದೆ, ನಮ್ಮ ತೋಟ ಗುಡ್ಡದ ಇಳಿಜಾರಲ್ಲಿದೆ, ದಿನಾ ಹತ್ತಿ ಇಳೀತೀನಿ, ಇದೆಲ್ಲ ಹೇಳಿ ಆಮೇಲೆ ಧೈರ್ಯ ಮಾಡಿ, "ನನ್ನ ವಯಸ್ಸು ಅರ್ಜಿಲಿದೆ. ಪಾಠ ಅರ್ಜಿಲಿಲ್ಲ. ಹತ್ತು ನಿಮಿಷ ಕೊಟ್ರೆ ಪಾಠ ಮಾಡ್ತೀನಿ" ಅಂದೆ. ಇಂಗ್ಲಿಷಲ್ಲಿ ಹೇಳಿದ್ದು, ಇಷ್ಟು ಚೆನ್ನಾಗಿ ಬಂತೋ ಇಲ್ವೋ ಗೊತ್ತಿಲ್ಲ, ಅರ್ಥ ಅಂತೂ ಇದೇ.

ಇಬ್ರೂ ಮುಖ ಮುಖ ನೋಡ್ಕೊಂಡ್ರು. ಸರಿ, ಎಂಟನೇ ಕ್ಲಾಸು, ಋಣ ಸಂಖ್ಯೆನ ಕಳೆಯೋದು, ಮಾಡಿ ಅಂದ್ರು.

ಬೋರ್ಡಿಲ್ಲ. ಹುಡುಗ ಫೋಟೋ ತೆಗೆಯೋಕೆ ಇಟ್ಟಿದ್ದ ಬಿಳಿ ಪರದೆ ಮುಂದೆ ಒಂದು ಡ್ರಾಯಿಂಗ್ ಶೀಟು ಅಂಟಿಸ್ಕೊಟ್ಟ. ಮೈನಸ್ಸಿಗೆ ಮೈನಸ್ ಸೇರಿದ್ರೆ ಪ್ಲಸ್ ಅಂತ ಬಾಯಿಪಾಠ ಮಾಡ್ಸೋದು ನಂಗೆ ಯಾವತ್ತೂ ಸರಿ ಬರ್ಲಿಲ್ಲ, ಮಕ್ಕಳು ಅದನ್ನ ಕೂಡೋ ಲೆಕ್ಕಕ್ಕೂ ಹಚ್ಚಿ ತಪ್ಪು ಮಾಡ್ತಾವೆ. ಕೈ ತಾನಾಗೇ ಹೊಳೆ ಬರೀತು, ನಡುವೆ ಮಂಟಪ. ಮಂಟಪದ ನೆಲ ಸೊನ್ನೆ. ಇವತ್ತು ನೀರು ನೆಲದಿಂದ ಎರಡಡಿ ಮೇಲೆ, ಅಂದ್ರೆ 2. ಬೇಸಿಗೆಲಿ ಒಂಬತ್ತಡಿ ಕೆಳಗಿತ್ತು ಅಂತ ಇಟ್ಕೊಳ್ಳಿ, ಅದು −9. ಹೊಳೆ ಎಷ್ಟು ಏರಿತು? ಈಗಿನದ್ರಲ್ಲಿ ಆಗಿನದನ್ನ ಕಳೀಬೇಕು, 2 − (−9). ಲೆಕ್ಕ ಮಾಡೋ ಮೊದ್ಲು ಚಿತ್ರದಲ್ಲಿ ಬೆರಳಿಟ್ಟು ಎಣಿಸಿ, ಹನ್ನೊಂದು.

ಪ್ರಿನ್ಸಿಪಾಲ್ ನಡುವೆ ತಡೆದ್ರು. "ಚೆನ್ನಾಗಿದೆ. ಆದ್ರೆ ನಮ್ಮ ದೇಶದಲ್ಲಿ ಹೊಳೆನೇ ಇಲ್ಲ."

ಹೌದು! ಸುಮಾರು 1,200 ದ್ವೀಪ, ಒಂದು ಹೊಳೆ ಇಲ್ಲ. ಇಡೀ ದೇಶದಲ್ಲಿ ಸಹಜವಾಗಿ ಇರೋ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಎರಡೂವರೆ ಮೀಟರ್ರೂ ಇಲ್ಲ ಅಂತ ನಾನೇ ಹಿಂದಿನ ರಾತ್ರಿ ಓದಿದ್ದೆ. ಒಂದು ಕ್ಷಣ ಗಂಟಲು ಕಟ್ಟಿತು. ಆಮೇಲೆ ಕ್ಲಾಸಲ್ಲಿ ಏನ್ ಮಾಡ್ತಿದ್ನೋ ಅದನ್ನೇ ಮಾಡಿದೆ, ಅವ್ರನ್ನೇ ಕೇಳಿದೆ, ನಿಮ್ಮ ಮಕ್ಕಳು ನೀರು ಏರೋದು ಇಳಿಯೋದು ಎಲ್ಲಿ ನೋಡ್ತಾರೆ ಅಂತ.

"ಜೆಟ್ಟಿ" ಅಂದ್ರು. ದೋಣಿ ನಿಲ್ಲೋ ಕಟ್ಟೆ. ನೀರು ಕಟ್ಟೆ ಮೇಲೆ ಬರುತ್ತಾ ಅಂದೆ, ಇಲ್ಲ, ಯಾವಾಗ್ಲೂ ಕೆಳಗೇ, ಉಬ್ಬರ ಇಳಿತದ ವ್ಯತ್ಯಾಸ ಒಂದು ಮೀಟರ್ ಒಳಗೇ ಅಂದ್ರು. ಸರಿ, ಕಟ್ಟೆ ಸೊನ್ನೆ. ಇಳಿತದಲ್ಲಿ ನೀರು 150 ಸೆಂಟಿಮೀಟರ್ ಕೆಳಗೆ, ಉಬ್ಬರದಲ್ಲಿ 70 ಕೆಳಗೆ. ಏರಿದ್ದೆಷ್ಟು? −70 − (−150). ಇದು ನನ್ನ ಹೊಳೆಗಿಂತ ಒಳ್ಳೇ ಲೆಕ್ಕ, ಯಾಕಂದ್ರೆ ಎರಡೂ ಸೊನ್ನೆಗಿಂತ ಕೆಳಗೇ ಇದೆ, ಮಕ್ಕಳು ಎಡವೋದು ಇಲ್ಲೇ. ಅರ್ಧ ಕ್ಲಾಸು −220 ಅಂತ ಬರೆಯುತ್ತೆ ಅಂದೆ. ಆಗ ತಪ್ಪು ಅನ್ಬಾರ್ದು, ನೀರು ಏರಿದೆ ಅಂತ ನೀವೇ ಹೇಳಿದ್ರಿ, ಏರಿದ್ದು ಮೈನಸ್ ಆಗೋದು ಹೇಗೆ, ಚಿತ್ರದಲ್ಲಿ ಎಣಿಸಿ ಅನ್ಬೇಕು. ಎಂಬತ್ತು ಬರುತ್ತೆ. ಅವ್ರೇ ಕಂಡ್ಕೊಂಡಿದ್ದನ್ನ ಮರೆಯಲ್ಲ.

ಕೇರಳದ ಮೇಷ್ಟ್ರು ಪೆನ್ನು ತಗೊಂಡು ಪೇಪರಲ್ಲಿ ಏನೋ ಗೀಚ್ತಿದ್ರು, ಆಮೇಲೆ ತೋರಿಸಿದ್ರು, ಜೆಟ್ಟಿ ಚಿತ್ರ. ನಂಗೆ ಆ ಹೊತ್ತಿಗೆ ಕೆಲಸ ಸಿಗುತ್ತೋ ಬಿಡುತ್ತೋ ಅನ್ನೋದು ಮರ್ತೇ ಹೋಗಿತ್ತು. ಹತ್ತು ನಿಮಿಷ ಹೋಗಿ ನಲವತ್ತು ಆಗಿತ್ತು, ಮೂರು ಜನ ಮೇಷ್ಟ್ರುಗಳು ಕೂತು ಮಾತಾಡಿದ ಹಾಗಿತ್ತು, ಸ್ಟಾಫ್‌ರೂಮಲ್ಲಿ ಕಾಫಿ ಹೊತ್ತಲ್ಲಿ ಆಡ್ತಿದ್ವಲ್ಲ ಹಾಗೆ. ನಾನು ಶಾಲೆ ಬಿಟ್ಟ ಮೇಲೆ ಯಾರ ಜೊತೆಗೂ ಹಾಗೆ ಗಣಿತ ಮಾತಾಡಿರ್ಲಿಲ್ಲ. ಫೋನಿಟ್ಟ ಮೇಲೆ ಅಳು ಬಂತು, ಸ್ಟುಡಿಯೋ ಹುಡುಗ ಗಾಬರಿಯಾಗಿ ನೀರು ತಂದ.

ನಮ್ಮನೆಯವ್ರು ಹೊರಗೆ ಬೆಂಚಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡಿದ್ರು. ವಾಪಸ್ ಬರ್ತಾ ಮಾತೇ ಇಲ್ಲ. ಮನೆ ಹತ್ರ ಬಂದಾಗ, "ಅಂದ್ರೆ ಮೈನಸ್ ಕಳೆದ್ರೆ ಯಾಕೆ ಕೂಡುತ್ತೆ ಅನ್ನೋದು ನಂಗೆ ಇವತ್ತು ಗೊತ್ತಾಯ್ತು" ಅಂದ್ರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವ್ರು ನನ್ನ ಪಾಠ ಕೇಳಿದ್ದು ಅದೇ ಮೊದ್ಲು.

ಹತ್ತೊಂಬತ್ತು ದಿನ ಬಿಟ್ಟು ಮೇಲ್ ಬಂತು. ಒಂದು ವರ್ಷದ ಕಾಂಟ್ರಾಕ್ಟು, ಮುಂದುವರಿಸೋದು ಆಮೇಲೆ ನೋಡೋಣ ಅಂತ ಬರೆದಿದಾರೆ. ಸಂಬಳ ನಾನು ಕೊನೇಲಿ ತಗೊಳ್ತಿದ್ದದ್ರ ನಾಲ್ಕು ಪಟ್ಟು, ಇರೋಕೆ ರೂಮು ಅವ್ರದ್ದೇ. ಪೊಲೀಸ್ ಕ್ಲಿಯರೆನ್ಸು, ಮೆಡಿಕಲ್ಲು ಆಗಿದೆ, ಮೈಸೂರಿನ ಕಾಗದಾನೂ ಬಂತು, ಹರಿದ ಮೂಲೆಯ ಹಿಂದೆನೇ ಸೀಲು ಹೊಡೆದಿದಾರೆ. ಬೆಂಗಳೂರಿಂದ ಮಾಲೆಗೆ ನೇರ ವಿಮಾನ ಇದೆ, ಅಲ್ಲಿಂದ ದೋಣಿ.

ಮೊನ್ನೆ ನಮ್ಮನೆಯವ್ರು ಅಟ್ಟ ಹತ್ತಿ ಅವ್ರ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು ಹುಡುಕ್ತಿದ್ರು. ಯಾಕ್ರೀ ಅಂದ್ರೆ, ಭಾರತದವ್ರು ಅಲ್ಲಿಗೆ ಸುತ್ತಾಡೋಕೆ ಹೋಗೋದಾದ್ರೆ ಮುಂಚೆನೇ ವೀಸಾ ಮಾಡ್ಸೋದು ಬೇಡ್ವಂತೆ, ಪಾಸ್‌ಪೋರ್ಟ್ ಮಾಡ್ಸೋಕೆ ಈ ಕಾರ್ಡು ಹುಡುಕ್ತಿದೀನಿ, ಅಡಿಕೆ ಕೊಯ್ಲು ಮುಗಿದ್ಮೇಲೆ ಬಂದು ಆ ಜೆಟ್ಟಿ ನೋಡ್ಬೇಕು ಅಂದ್ರು. ಮಾರ್ಕ್ಸ್‌ಕಾರ್ಡ್ ಸಿಕ್ತು, ಒಂದು ಬದಿ ಬೂಷ್ಟು ಹಿಡಿದಿತ್ತು, ಒಲೆ ಮೇಲಿನ ಬಿದಿರ ತಟ್ಟೆಲಿ ಒಣಗೋಕೆ ಇಟ್ಟಿದೀವಿ.