ಕಲಬುರಗಿಯಲ್ಲಿ ಚಲೋ ಊಟ ಎಲ್ಲಿ ಸಿಗ್ತದ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕಲಬುರಗಿಗೆ ಬರುವವರು, ಹೊಸದಾಗಿ ವರ್ಗವಾಗಿ ಬಂದವರು, ಮಕ್ಕಳನ್ನು ಇಲ್ಲಿ ಕಾಲೇಜಿಗೆ ಸೇರಿಸಿದವರು ಎಲ್ಲರೂ ಕೇಳುವುದು ಒಂದೇ: "ಒಂದು ಒಳ್ಳೆ ಹೋಟೆಲ್ ಹೆಸರು ಹೇಳ್ರಿ." ನಾನು ಹೆಸರು ಹೇಳುವುದಿಲ್ಲ. ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು ಎಂದು ತಿರುಗಿ ಕೇಳುತ್ತೇನೆ. ಈ ಊರಿನಲ್ಲಿ ಎಲ್ಲ ಹೊತ್ತಿಗೂ ಎಲ್ಲವೂ ಚೆನ್ನಾಗಿರುವ ಜಾಗ ಬಹಳ ಅಪರೂಪ. ಒಂದು ಕಡೆ ಮಧ್ಯಾಹ್ನದ ರೊಟ್ಟಿ ಚಲೋ ಇದ್ದರೆ, ಅಲ್ಲೇ ರಾತ್ರಿಯ ಊಟ ಸಪ್ಪೆ. ಅಡುಗೆಯನ್ನೂ ಅದರ ಹೊತ್ತನ್ನೂ ಹಿಡಿದು ಹುಡುಕಿದರೆ ಮೋಸ ಹೋಗುವುದು ಕಡಿಮೆ.

ಮೊದಲು ರೊಟ್ಟಿ ಊಟ, ಏಕೆಂದರೆ ಹೆಚ್ಚಿನವರು ಹುಡುಕುವುದು ಅದನ್ನೇ. ದಿನಾ ಅದೇ ಗಿರಾಕಿಗಳು ಬರುವ ಜಾಗದ ಖಾನಾವಳಿ ನೋಡಿ: ನೆಹರು ಗಂಜ್ ಮಾರುಕಟ್ಟೆ ಸುತ್ತ, ಕೋರ್ಟ್ ಹತ್ತಿರ, ಕಚೇರಿಗಳ ಹಿಂದಿನ ಓಣಿಗಳಲ್ಲಿ. ಹಮಾಲರು, ಅಡತಿಯವರು, ವಕೀಲರ ಗುಮಾಸ್ತರು ತಿಂಗಳುಗಟ್ಟಲೆ ಒಂದೇ ಕಡೆ ಉಣ್ಣುತ್ತಾರೆ. ನಾಲ್ಕು ದಿನ ಪಲ್ಯ ಕೆಟ್ಟರೆ ಅವರು ಪಕ್ಕದ ಖಾನಾವಳಿಗೆ ಹೋಗಿಬಿಡುತ್ತಾರೆ. ಒಮ್ಮೆ ಬಂದು ಹೋಗುವ ಪ್ರಯಾಣಿಕರನ್ನೇ ನಂಬಿದ ಅಂಗಡಿಗೆ ಆ ಹೆದರಿಕೆ ಇರುವುದಿಲ್ಲ. ಮೊಬೈಲ್ ಮ್ಯಾಪಿನಲ್ಲಿ ಇಂಥ ಖಾನಾವಳಿಗಳಿಗೆ ನಕ್ಷತ್ರ ಕಡಿಮೆ, ಫೋಟೊನೂ ಕಡಿಮೆ. ಅದನ್ನು ನೋಡಿ ಬಿಡಬೇಡಿ.

ಹೊತ್ತು ಮುಖ್ಯ. ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಹೋಗಿ. ಮೂರರ ಮೇಲೆ ಒಲೆ ತಣ್ಣಗಾಗುತ್ತದೆ, ಬಡಿದಿಟ್ಟ ರೊಟ್ಟಿಯನ್ನೇ ಬಿಸಿ ಮಾಡಿ ಕೊಡುತ್ತಾರೆ. ಕೂರುವ ಮೊದಲು ಬಾಗಿಲಲ್ಲೇ ನಿಂತು ಕಿವಿಗೊಡಿ. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಬೇಕು. ಕೇಳಿಸದಿದ್ದರೆ, "ಅಣ್ಣಾ, ಬಿಸಿ ರೊಟ್ಟಿ ಅವೇನ್ರಿ? ಇವತ್ತ್ ಪಲ್ಯ ಏನೇನ್ ಮಾಡೀರಿ?" ಎಂದು ಕೇಳಿ. ಪಲ್ಯದ ಹೆಸರು ತಡವರಿಸದೆ ಹೇಳಿದರೆ ಒಳಗೆ ಹೋಗಿ. "ಎಲ್ಲಾ ಅದಾವ್ರಿ" ಅಂದರೆ ಮುಂದಿನ ಓಣಿ ನೋಡಿ.

ಇನ್ನು ರೊಟ್ಟಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದಿ, ಕೈಯಲ್ಲೇ ಬಡಿಯುತ್ತಾರೆ. ಹಂಚಿಗೆ ಹಾಕಿದ ಕೂಡಲೇ ಮೇಲಿನ ಮಗ್ಗುಲಿಗೆ ಒದ್ದೆ ಬಟ್ಟೆ ಸವರಬೇಕು. ಆ ನೀರು ಪೂರ್ತಿ ಒಣಗುವುದರೊಳಗೆ ತಿರುವಬೇಕು. ತಡವಾದರೆ ಮೈ ಬಿರಿಯುತ್ತದೆ, ಅವಸರ ಮಾಡಿದರೆ ಹಂಚಿಗೆ ಹತ್ತುತ್ತದೆ. ಸರಿಯಾಗಿ ಬೆಂದದ್ದು ಉಬ್ಬಿ ಎರಡು ಪದರ ಆಗುತ್ತದೆ. ಮುರಿದು ನೋಡಿ: ಪದರಗಳು ಬಿಡಿಸಿಕೊಳ್ಳಬೇಕು, ನಡುವಿನಿಂದ ಹಬೆ ಏಳಬೇಕು. ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಗೋಧಿ ಹಿಟ್ಟೋ ಮೈದಾವೋ ಬೆರೆತಿದೆ. ನುಂಗಿದ ಮೇಲೆ ನಾಲಿಗೆಯಲ್ಲಿ ಕಹಿ ಉಳಿದರೆ ಹಿಟ್ಟು ಬೀಸಿ ಬಹಳ ದಿನವಾಗಿದೆ. ಹಳೆ ಹಿಟ್ಟಿನ ರೊಟ್ಟಿ ಅಂಚಿನಲ್ಲೂ ಒಡೆದಿರುತ್ತದೆ. ಎರಡು ರೊಟ್ಟಿ ಒಟ್ಟಿಗೆ ಹಾಕಿಸಿಕೊಳ್ಳಬೇಡಿ. ಆರಿದರೆ ಬಿರುಸಾಗುತ್ತದೆ, ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹೇಳಿ. ಖಡಕ್ ರೊಟ್ಟಿಯ ಲೆಕ್ಕ ಬೇರೆ. ಅದು ತೆಳ್ಳಗಿದ್ದು ಪಟ್ಟನೆ ಮುರಿಯಬೇಕು, ಮೂಸಿದರೆ ಮುಗ್ಗಲು ವಾಸನೆ ಇರಬಾರದು. ಮಳೆಗಾಲದಲ್ಲಿ ಬೇಗ ಮೆತ್ತಗಾಗುತ್ತದೆ, ಆಗ ಬಿಸಿ ರೊಟ್ಟಿಯೇ ಲೇಸು.

ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಬೇಕು, ತೊಟ್ಟು ಇರಬೇಕು, ನಾಲ್ಕಾಗಿ ಸೀಳಿದ್ದರೂ ಬಿಡಿಯಾಗಿರಬಾರದು. ಶೇಂಗಾ, ಎಳ್ಳು ಅಥವಾ ಗುರೆಳ್ಳು, ಹುಣಸೆ, ಬೆಲ್ಲ, ಮಸಾಲಿ ಖಾರ ಕಾಯಿಯ ಒಳಗೆ ಉಳಿದಿರಬೇಕು. ದೊಡ್ಡ ಕಾಯಿ ಹೋಳು ಮಾಡಿ ಮೇಲೆ ಗ್ರೇವಿ ಸುರಿದದ್ದು ಎಣ್ಣೆಗಾಯಿಯಲ್ಲ. ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ ಸಿಕ್ಕರೆ ಬಿಡಬೇಡಿ: ಹುಳಿ ಮುಂದೆ, ಬೆಳ್ಳುಳ್ಳಿ ಒಗ್ಗರಣೆ ಹಿಂದೆ, ನಡುವೆ ಜೋಳದ ನುಚ್ಚು ಅಥವಾ ಬ್ಯಾಳಿ. ತಾಟಿನ ಅಂಚಿನಲ್ಲಿ ಹಿಂಡಿ (ಚಟ್ನಿ ಪುಡಿ), ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು ಇದ್ದರೆ ಮಾಲೀಕರಿಗೆ ಊಟ ಗೊತ್ತು ಅಂತಲೇ ಅರ್ಥ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಈ ನೆಲದ್ದೇ ಬೆಳೆ ಎಂಬ ಜಿಐ ಗುರುತು ಸಿಕ್ಕಿದೆ. ಅಂಥ ಊರಿನಲ್ಲಿ ಬ್ಯಾಳಿ ಒಂದು ಕಡೆ, ನೀರು ಒಂದು ಕಡೆ ನಿಂತ ಸಾರು ಬಡಿಸುವವರನ್ನು ಕ್ಷಮಿಸಬೇಕಾಗಿಲ್ಲ.

ಮಾಂಸದೂಟಕ್ಕೆ ಖ್ವಾಜಾ ಬಂದೇನವಾಜ್ ದರ್ಗಾದ ಕಡೆ, ಹಳೆ ಊರಿನ ಓಣಿಗಳ ಕಡೆ ನಡೆಯಿರಿ. ಹೊರಗಿನವರು ಬಿರಿಯಾನಿ ಕೇಳುತ್ತಾರೆ, ನಾನು ತಹರಿ ತಿನ್ನಿ ಅನ್ನುತ್ತೇನೆ. ಬಿರಿಯಾನಿಯಲ್ಲಿ ಅನ್ನ, ಮಾಂಸ ಪದರ ಪದರವಾಗಿ ದಮ್ಮಿನಲ್ಲಿ ಕೂರುತ್ತವೆ. ತಹರಿಯಲ್ಲಿ ಅಕ್ಕಿ ಮಾಂಸದ ಮಸಾಲಿ ನೀರಲ್ಲೇ ಬೇಯುತ್ತದೆ. ಹಾಗಾಗಿ ಬಣ್ಣ ಒಂದೇ ಸಮ ಇರಬೇಕು. ಬಿಳಿ ಅಗುಳು ಅಲ್ಲಲ್ಲಿ ಕಂಡರೆ ಬೇರೆ ಅನ್ನಕ್ಕೆ ಮಸಾಲಿ ಕಲಸಿದ್ದಾರೆ. ಡೇಗ್ಚಿಯ ಮುಚ್ಚಳ ತೆಗೆದ ಮೊದಲ ಗಂಟೆಯಲ್ಲೇ ತಿನ್ನಿ, ಆಮೇಲೆ ತಳದ ಅಕ್ಕಿ ಮುದ್ದೆಯಾಗುತ್ತದೆ. ಹಲೀಮ್ ಬೇಕೆಂದರೆ ರಂಜಾನ್ ತಿಂಗಳಲ್ಲಿ ಬನ್ನಿ. ಚಮಚ ಎತ್ತಿದಾಗ ಮಾಂಸದ ಎಳೆ ಕಾಣಬೇಕು, ಬರೀ ಗೋಧಿ ಗಂಜಿ ಆಗಿರಬಾರದು.

ಸಂಜೆ ಮಿರ್ಚಿ ಭಜಿ, ಸೂಸಲಾ (ಒಗ್ಗರಣೆ ಹಾಕಿದ ಚುರುಮುರಿ). ಇಲ್ಲಿ ನೋಡಬೇಕಾದ್ದು ಬಾಣಲೆ ಮಾತ್ರ. ಭಜಿ ಬಿಟ್ಟಾಗ ನೊರೆ ಎದ್ದು ಇಳಿಯದಿದ್ದರೆ, ಎಣ್ಣೆ ಕಪ್ಪಾಗಿ ಹೊಗೆಯಾಡುತ್ತಿದ್ದರೆ ಅದು ಕಾಸಿ ಕಾಸಿ ಕೆಟ್ಟ ಎಣ್ಣೆ. ಆಹಾರ ಸುರಕ್ಷತಾ ಪ್ರಾಧಿಕಾರವೇ ಇದಕ್ಕೊಂದು ಮಿತಿ ಹಾಕಿದೆ: ಕಾಸಿ ಕಾಸಿ ಎಣ್ಣೆ ಕೆಟ್ಟಾಗ ಹೆಚ್ಚುವ ಪೋಲಾರ್ ಅಂಶ ಶೇ. 25 ದಾಟಿದರೆ ಬಳಸುವಂತಿಲ್ಲ. ನಮ್ಮ ಹತ್ತಿರ ಅಳೆಯುವ ಯಂತ್ರ ಇರುವುದಿಲ್ಲ, ಕಣ್ಣು ಮೂಗು ಇವೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆಗ ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಚಟ್ನಿ, ಎಲ್ಲಿಯದೆಂದು ಗೊತ್ತಿಲ್ಲದ ಐಸು ಮುಟ್ಟಬೇಡಿ. ಮಜ್ಜಿಗೆ ಬೇಕಾದರೆ ಊಟ ಮಾಡಿದ ಖಾನಾವಳಿಯಲ್ಲೇ ಕೇಳಿ.

ಒಂದು ದಿನ ಮಾತ್ರ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ರೈತರ ಹೊಲದ ಹಬ್ಬ ಎಳ್ಳಮವಾಸಿ. ಅವತ್ತು ಜನ ಹೊಲದ ಕಡೆ ಹೋಗುತ್ತಾರೆ, ಪೇಟೆ ಖಾಲಿ, ಖಾನಾವಳಿಗಳೂ ಬಹುಪಾಲು ಮುಚ್ಚಿರುತ್ತವೆ. ಹಿಂದಿನ ದಿನವೇ ಪರಿಚಯದವರಿಗೆ ಫೋನ್ ಮಾಡಿ, ನಾಳೆ ಯಾರ ಹೊಲಕ್ಕೆ ಹೋಗ್ತೀರಿ ಅಂತ ಕೇಳಿ. ಸಜ್ಜಿ ರೊಟ್ಟಿ, ಹತ್ತಾರು ಕಾಯಿಪಲ್ಯ ಸೇರಿಸಿ ಕುದಿಸಿದ ಭಜ್ಜಿ, ಕಡಬು, ಶೇಂಗಾ ಹೋಳಿಗೆ ಎಲ್ಲವೂ ಬುತ್ತಿಯಲ್ಲಿ ಬಂದಿರುತ್ತವೆ, ಬರಬೇಡಿ ಅನ್ನುವವರು ಯಾರೂ ಸಿಗುವುದಿಲ್ಲ.