ಕ್ಯಾಲ್ಸಿಯಂ ತಲೆ ಮೇಲಿನ 2+ ಮತ್ತು ನಮ್ಮ ಪ್ಲಾಂಟಿನ ಉಪ್ಪಿನ ಲೆಕ್ಕ

ಕೋಲಾರ ಜಿಲ್ಲೆಯ ಮಾಲೂರು ಕಡೆ ಒಂದು ಫ್ಯಾಕ್ಟರಿಯಲ್ಲಿ ಬಾಯ್ಲರ್‌ಗೆ ಹೋಗುವ ನೀರು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಬೋರ್‌ವೆಲ್ಲೇ ಗತಿ. ಕಲ್ಲಿನ ಸಂದಿಯಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಇದನ್ನೇ ಗಡಸುತನ ಅನ್ನುವುದು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅನ್ನುವುದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. ಬಾಯ್ಲರ್ ಹತ್ತಿರ ಈ ರಿಯಾಯಿತಿ ನಡೆಯಲ್ಲ. ಸಾಫ್ಟನರ್ (ಉಪ್ಪು ಬಳಸಿ ಗಡಸುತನ ತೆಗೆಯುವ ಯಂತ್ರ) ದಾಟಿದ ನೀರಲ್ಲಿ ಗಡಸುತನ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಟ್ಯೂಬ್‌ಗಳಿಗೆ ಸ್ಕೇಲ್, ಅಂದರೆ ಗಟ್ಟಿ ಪದರ, ಹಿಡಿಯುತ್ತದೆ.

ಡಿಪ್ಲೊಮಾ ಮುಗಿಸಿ ಟ್ರೈನಿಂಗ್‌ಗೆ ಬರುವ ಹುಡುಗರಿಗೆ ಸೋಡಿಯಂ 1+, ಕ್ಯಾಲ್ಸಿಯಂ 2+ ಅಂತ ಬಾಯಿಪಾಠ ಬಂದಿರುತ್ತದೆ. ಸೋಡಿಯಂ ಒಂದು ಎಲೆಕ್ಟ್ರಾನ್, ಕ್ಯಾಲ್ಸಿಯಂ ಎರಡು ಕಳೆದುಕೊಂಡಿದೆ ಅಂತ ಅದರ ಅರ್ಥ. ಯಾಕೆ ಎರಡು ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಮೊದಲು ಇದನ್ನೇ ಕೂರಿಸಿಕೊಂಡು ಹೇಳುವುದು. ಯಾಕಂದ್ರೆ ನಮ್ಮ ಉಪ್ಪಿನ ಖರ್ಚು ಪೂರ್ತಿ ನಿಂತಿರುವುದೇ ಆ ಎರಡರ ಮೇಲೆ.

ಸೋಡಿಯಂನ 11 ಎಲೆಕ್ಟ್ರಾನ್‌ಗಳು 2, 8, 1 ಅಂತ ಜೋಡಣೆಯಾಗಿವೆ. ಹೊರಗಿನ ಒಂದು ಕಳಚಲು ಮೋಲ್‌ಗೆ 496 ಕಿಲೋಜೂಲ್ ಸಾಕು (ಮೋಲ್ ಅಂದರೆ ಪರಮಾಣುಗಳನ್ನು ಗುಂಪಾಗಿ ಎಣಿಸುವ ಅಳತೆ). ಎರಡನೆಯದಕ್ಕೆ ಕೈ ಹಾಕಿದರೆ ಒಮ್ಮೆಲೇ 4,562. ಅದು ಒಳಗಿನ ಸುತ್ತಿನದು, ನ್ಯೂಕ್ಲಿಯಸ್‌ಗೆ ಹತ್ತಿರ ಇರುವುದು. ಕ್ಯಾಲ್ಸಿಯಂನ 20 ಎಲೆಕ್ಟ್ರಾನ್‌ಗಳು 2, 8, 8, 2. ಮೊದಲನೆಯದಕ್ಕೆ 590, ಎರಡನೆಯದಕ್ಕೆ 1,145, ಮೂರನೆಯದಕ್ಕೆ 4,912. ಸೋಡಿಯಂಗೆ ಒಂದಾದ ಮೇಲೆ ಹಾರುವ ರೇಟು ಕ್ಯಾಲ್ಸಿಯಂಗೆ ಎರಡಾದ ಮೇಲೆ ಹಾರುತ್ತದೆ. ಅಷ್ಟೇ ವಿಷಯ.

ಒಬ್ಬ ಹುಡುಗ ಕೇಳಿದ: “ಸಾರ್, ಎರಡನೆಯದಕ್ಕೂ ದುಪ್ಪಟ್ಟು ಬೇಕಲ್ವಾ? ಒಂದೇ ಕೊಟ್ಟು ಸುಮ್ನಿರಬಹುದಿತ್ತಲ್ಲ?”

ಒಳ್ಳೆ ಪ್ರಶ್ನೆ. “ಪರಮಾಣುವಿಗೆ ಹೊರಸುತ್ತಿನಲ್ಲಿ ಎಂಟು ಬೇಕು ಅಂತ ಆಸೆ” ಅಂತ ಶಾಲೆಯಲ್ಲಿ ಹೇಳಿಕೊಡುವುದು ನನಗಂತೂ ಇಷ್ಟವಿಲ್ಲ. ಆಸೆ ಏನೂ ಇಲ್ಲ, ಇದು ಬರೀ ಜಮಾ-ಖರ್ಚು. ನೀರಿಗೆ ಬಂದ ಅಯಾನನ್ನು (ಎಲೆಕ್ಟ್ರಾನ್ ಬಿಟ್ಟು ಚಾರ್ಜ್ ಹೊತ್ತ ಪರಮಾಣುವನ್ನು) ನೀರಿನ ಅಣುಗಳು ಸುತ್ತುವರಿದಾಗ ಶಕ್ತಿ ಹೊರಬರುತ್ತದೆ. ಸೋಡಿಯಂ ಅಯಾನು, ಕ್ಯಾಲ್ಸಿಯಂ ಅಯಾನು ಎರಡೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ಸೋಡಿಯಂಗೆ ಸುಮಾರು 400 ಕಿಲೋಜೂಲ್ ವಾಪಸ್ ಬಂದರೆ ಕ್ಯಾಲ್ಸಿಯಂಗೆ ಸುಮಾರು 1,600. ಚಾರ್ಜ್ ದುಪ್ಪಟ್ಟು, ವಾಪಸಾತಿ ನಾಲ್ಕು ಪಟ್ಟು. ಹಾಗಾಗಿ ಎರಡನೆಯದನ್ನೂ ಬಿಡುವುದೇ ಲಾಭ. ಮೂರನೆಯದಕ್ಕೆ ಬೇಕಾದ 4,912 ಯಾವ ಕಡೆಯಿಂದಲೂ ಹುಟ್ಟುವುದಿಲ್ಲ.

ಈಗ ಸಾಫ್ಟನರ್ ಒಳಗೆ ಬನ್ನಿ. ಅಲ್ಲಿರುವ ರೆಸಿನ್ ಅಂದರೆ ಸಾಸಿವೆಗಿಂತ ಸಣ್ಣ, ಜೇನುಬಣ್ಣದ ಗುಂಡುಗಳು. ಅದರ ಮೈಯಲ್ಲೆಲ್ಲಾ ಒಂದೊಂದು ಮೈನಸ್ ಚಾರ್ಜಿನ ಜಾಗಗಳು. ಒಂದೊಂದರಲ್ಲೂ ಒಂದು ಸೋಡಿಯಂ. ಕ್ಯಾಲ್ಸಿಯಂ ಬಂದರೆ ಎರಡು ಜಾಗ ಹಿಡಿಯುತ್ತದೆ, ಎರಡು ಸೋಡಿಯಂ ಹೊರಗೆ. ಜಾಗ ಮುಗಿದ ಮೇಲೆ ಹತ್ತು ಪರ್ಸೆಂಟ್ ಆಸುಪಾಸಿನ ಉಪ್ಪುನೀರು ಬಿಟ್ಟು ರೀಜನರೇಷನ್ ಮಾಡುತ್ತೇವೆ, ಅಂದರೆ ರೆಸಿನ್‌ನ ಮತ್ತೆ ತಯಾರು ಮಾಡುತ್ತೇವೆ. ಆಗ ಸೋಡಿಯಂ ರಾಶಿ ರಾಶಿಯಾಗಿ ನುಗ್ಗಿ ಕ್ಯಾಲ್ಸಿಯಂನ ಎಬ್ಬಿಸುತ್ತದೆ.

ಲೆಕ್ಕ ನೋಡಿ. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳುತ್ತೇವೆ, ಅದರ ಮೋಲ್ 100 ಗ್ರಾಂ. ಉಪ್ಪಿನದು 58.5. ಒಂದು ಕ್ಯಾಲ್ಸಿಯಂಗೆ ಎರಡು ಸೋಡಿಯಂ, ಅಂದರೆ 100 ಗ್ರಾಂ ಗಡಸುತನಕ್ಕೆ 117 ಗ್ರಾಂ ಉಪ್ಪು. ಲೀಟರಿಗೆ 500 ಮಿಲಿಗ್ರಾಂ ಇರುವ ನೀರು 10,000 ಲೀಟರ್ ಹರಿದರೆ ರೆಸಿನ್ ಹಿಡಿದ ಗಡಸುತನ 5 ಕೆ.ಜಿ. ಕಾಗದದ ಮೇಲೆ 5.85 ಕೆ.ಜಿ. ಉಪ್ಪು ಸಾಕು. ನಿಜವಾಗಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಸುರಿಯಬೇಕಾಗುತ್ತದೆ, ಯಾಕಂದ್ರೆ 2+ ಅಷ್ಟು ಸುಲಭವಾಗಿ ಜಾಗ ಬಿಡುವ ಗಿರಾಕಿ ಅಲ್ಲ.

ಅಡುಗೆಮನೆಯಲ್ಲೂ ಇದೇ ಕಾಟ. ಬೋರ್ ನೀರಲ್ಲಿ ಬೇಳೆ ಬೇಯಲ್ಲ ಅಂತ ಅಮ್ಮಂದಿರು ಗೊಣಗುವುದು ಸುಮ್ನೆ ಅಲ್ಲ. ಬೇಳೆಯ ಕೋಶಗಳನ್ನು ಅಂಟಿಸಿಟ್ಟಿರುವುದು ಪೆಕ್ಟಿನ್. ಕ್ಯಾಲ್ಸಿಯಂ ಆ ಕಡೆ ಒಂದು ಎಳೆ, ಈ ಕಡೆ ಒಂದು ಎಳೆ ಹಿಡಿದು ಬಿಗಿ ಮಾಡುತ್ತದೆ. 1+ ಇರುವ ಸೋಡಿಯಂ ಕೈಲಿ ಹಾಗೆ ಎರಡು ಎಳೆ ಕಟ್ಟಲಾಗದು. ಸೋಪು ನೊರೆ ಬರದೆ ಬಿಳಿ ಗಸಿ ಆಗುವುದೂ ಇದಕ್ಕೇ.

ಪ್ಲಾಂಟಲ್ಲಿ ಚೆಕ್ ಮಾಡುವುದು ಇಡಿಟಿಎ ಟೆಸ್ಟಿನಿಂದ. ಇಡಿಟಿಎ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದುಕೊಳ್ಳುವ ರಾಸಾಯನಿಕ. ನೀರಿಗೆ ಬಫರ್ (ಪಿಎಚ್ ಏರಿಳಿಯದಂತೆ ಕಾಯುವ ದ್ರಾವಣ), ಚಿಟಿಕೆ ಇಂಡಿಕೇಟರ್ (ಬಣ್ಣ ತೋರಿಸುವ ಪುಡಿ) ಹಾಕಿದಾಗ ದ್ರಾಕ್ಷಿರಸದ ಕೆಂಪು ಬಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದೆ ಅಂತ. ಹನಿ ಹನಿ ಇಡಿಟಿಎ ಬಿಟ್ಟರೆ ನೀಲಿಗೆ ತಿರುಗುತ್ತದೆ. ಸಾಫ್ಟನರ್ ದಾಟಿದ ನೀರು ಇಂಡಿಕೇಟರ್ ಬಿದ್ದ ತಕ್ಷಣವೇ ನೀಲಿ ಇರಬೇಕು. ಸ್ವಲ್ಪ ನೇರಳೆ ಛಾಯೆ ಕಂಡರೂ ನಾನು ಬಾಯ್ಲರ್‌ಗೆ ಬಿಡಲ್ಲ.

ಹೊರಸುತ್ತಿನ ಲೆಕ್ಕ ಎಲ್ಲಾ ಲೋಹಕ್ಕೂ ಇಷ್ಟು ನೀಟಾಗಿ ಕೂರುವುದಿಲ್ಲ, ಅದನ್ನೂ ಹುಡುಗರಿಗೆ ಹೇಳಬೇಕು. ಕಬ್ಬಿಣ 2, 8, 14, 2. ಹೊರಗಿನ ಎರಡು ಹೋದರೆ 2+. ಆದರೆ ಒಳಸುತ್ತಿನಿಂದ ಇನ್ನೊಂದು ಬಿಡಲು 2,957 ಸಾಕು, ಕ್ಯಾಲ್ಸಿಯಂನಷ್ಟು ದುಬಾರಿ ಅಲ್ಲ. ಗಾಳಿಯ ಆಮ್ಲಜನಕ ಅದನ್ನು ಕಿತ್ತುಕೊಳ್ಳುತ್ತದೆ, ಕಬ್ಬಿಣ 3+ ಆಗುತ್ತದೆ. ಬೋರ್‌ನಿಂದ ತಿಳಿಯಾಗಿ ಬಂದ ನೀರು ಬಕೆಟ್‌ನಲ್ಲಿ ನಿಂತ ಮೇಲೆ ಕೆಂಚಗಾಗುವುದು ಇದರಿಂದಲೇ. ಈ ಕೆಸರು ರೆಸಿನ್ ಒಳಗೆ ಕೂತರೆ ಉಪ್ಪುನೀರಿಗೆ ಬಗ್ಗುವುದಿಲ್ಲ, ಆಸಿಡ್ ವಾಶೇ ಬೇಕು. ಅದಕ್ಕೇ ಗಾಳಿ ಆಡಿಸುವ ಟ್ಯಾಂಕು ಮೊದಲು, ಮರಳಿನ ಫಿಲ್ಟರ್ ಆಮೇಲೆ, ಸಾಫ್ಟನರ್ ಕೊನೆಗೆ. ಬೇಕಂತಲೇ ಮೊದಲೇ 3+ ಮಾಡಿಸಿ ಮರಳಲ್ಲಿ ತಡೆದುಬಿಡುತ್ತೇವೆ. ಕಬ್ಬಿಣದ ಟೆಸ್ಟ್‌ಗೆ ಮಾತ್ರ ನಿಂತ ನೀರಿನ ಸ್ಯಾಂಪಲ್ ತರಬೇಡಿ. ಕೆಂಪು ತಳಕ್ಕಿಳಿದು ಮೇಲಿನ ನೀರಲ್ಲಿ ರೀಡಿಂಗ್ ಕಮ್ಮಿ ತೋರಿಸುತ್ತದೆ. ಪಂಪ್ ಸ್ವಲ್ಪ ಹೊತ್ತು ಓಡಿಸಿ, ಬೋರ್ ಬಾಯಲ್ಲೇ ಬಾಟಲಿ ಹಿಡಿದು, ಅಲ್ಲೇ ನೈಟ್ರಿಕ್ ಆಸಿಡ್ ಹಾಕಿ ಮುಚ್ಚಳ ಬಿಗಿ ಮಾಡಿ.