ಕರ್ನಲ್ ಅಭ್ಯಾಸದ ಪ್ರಗತಿ ಟಿಪ್ಪಣಿ: ಒಂದು ವ್ಯವಕಲನದಿಂದ ಹುಟ್ಟಿದ ಹೀಪ್ ಓವರ್‌ಫ್ಲೋ

ಲಿನಕ್ಸ್ ಕರ್ನಲ್‌ನಲ್ಲಿ ಈಗಾಗಲೇ ಸರಿಪಡಿಸಲಾಗಿರುವ ಮೆಮೊರಿ ದೋಷಗಳನ್ನು ವರ್ಚುವಲ್ ಯಂತ್ರದೊಳಗೆ ಮತ್ತೆ ಉಂಟುಮಾಡಿ, ಅವುಗಳ ಮೂಲ ಕೋಡನ್ನು ಸಾಲು ಬಿಡದೆ ಓದುವ ನನ್ನ ಯೋಜನೆಯಲ್ಲಿ ಈ ಬಾರಿ ಸಿವಿಇ-2022-0185 (ಬಹಿರಂಗಗೊಂಡ ಭದ್ರತಾ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆಯೇ ಸಿವಿಇ) ಅನ್ನು ಕೈಗೆತ್ತಿಕೊಂಡೆ. ಇದೊಂದು ಹೀಪ್ ಓವರ್‌ಫ್ಲೋ, ಅಂದರೆ ಕರ್ನಲ್ ಓಡುವಾಗ ಪಡೆದುಕೊಂಡ ಮೆಮೊರಿ ತುಂಡಿನ ಅಂಚು ದಾಟಿ ಬರೆಯುವ ದೋಷ. 2019ರ 5.1ನೇ ಆವೃತ್ತಿಯಿಂದ ಉಳಿದುಕೊಂಡಿದ್ದ ಈ ದೋಷ 2022ರ ಜನವರಿಯಲ್ಲಿ, 5.16.2ರಲ್ಲಿ ಸರಿಹೋಯಿತು. ಬದಲಾದದ್ದು ಒಂದೇ ಒಂದು ಷರತ್ತು. ಇದನ್ನು ಆರಿಸಿಕೊಳ್ಳಲು ಅದೇ ಕಾರಣ.

ದೋಷವಿದ್ದದ್ದು ಲೆಗಸಿ_ಪಾರ್ಸ್_ಪ್ಯಾರಮ್ ಎಂಬ ಫಂಕ್ಷನ್‌ನಲ್ಲಿ. ಹೊಸ ಮೌಂಟ್ ಎಪಿಐಗೆ, ಅಂದರೆ ಫೈಲ್‌ಸಿಸ್ಟಂ ಜೋಡಿಸಲು ಕರ್ನಲ್ ಒದಗಿಸುವ ಹೊಸ ಕರೆಗಳಿಗೆ, ಇನ್ನೂ ಹೊಂದಿಕೊಂಡಿರದ ಫೈಲ್‌ಸಿಸ್ಟಂಗಳಿಗಾಗಿ (5.16ರಲ್ಲಿ ಇಎಕ್ಸ್‌ಟಿ4 ಕೂಡ ಅಂಥದ್ದೇ), ಬಳಕೆದಾರರು ಒಂದೊಂದಾಗಿ ಕೊಡುವ ಆಯ್ಕೆಗಳನ್ನು ಅಲ್ಪವಿರಾಮ ಹಾಕಿ ಜೋಡಿಸುತ್ತಾ 4096 ಬೈಟ್‌ಗಳ ಬಫರ್‌ನಲ್ಲಿ ತುಂಬುವುದು ಅದರ ಕೆಲಸ. ಹೊಸ ಆಯ್ಕೆಯ ಉದ್ದವು ‘ಪೇಜ್_ಸೈಜ್ − 2 − ಸೈಜ್’ಗಿಂತ ಹೆಚ್ಚಿದ್ದರೆ ಅದು ತಿರಸ್ಕರಿಸುತ್ತಿತ್ತು. ಪೇಜ್_ಸೈಜ್ ಇಲ್ಲಿ 4096. ಸೈಜ್ ಎಂದರೆ ಅದುವರೆಗೆ ತುಂಬಿದ ಬೈಟ್‌ಗಳು. 2 ಎಂಬುದು ಅಲ್ಪವಿರಾಮಕ್ಕೂ ಕೊನೆಯ ಶೂನ್ಯ ಬೈಟಿಗೂ ಕಾದಿರಿಸಿದ ಜಾಗ.

ಓದುವಾಗ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಆಯ್ಕೆಯೊಂದು ಸೇರಿದಾಗ ಸೈಜ್ ಅದರ ಉದ್ದಕ್ಕಿಂತ ಒಂದು ಹೆಚ್ಚು, ಅಂದರೆ ಅಲ್ಪವಿರಾಮವೂ ಸೇರಿ, ಬೆಳೆಯುತ್ತದೆ. ಹೀಗಾಗಿ ಯಾವ ಪರೀಕ್ಷೆಯನ್ನೂ ತಪ್ಪಿಸದೆಯೇ ಅದು 4095ನ್ನು ಮುಟ್ಟಬಹುದು. ಆಗ 4096ರಿಂದ 2ನ್ನೂ 4095ನ್ನೂ ಕಳೆದರೆ −1 ಬರಬೇಕಾಗಿತ್ತು, ಆದರೆ ಲೆಕ್ಕ ನಡೆಯುವುದು ಚಿಹ್ನೆಯಿಲ್ಲದ 64 ಬಿಟ್ ಪೂರ್ಣಾಂಕದಲ್ಲಿ; ಅಲ್ಲಿ ಫಲ 2ರ 64ನೇ ಘಾತಕ್ಕಿಂತ ಒಂದು ಕಡಿಮೆ. ಅಷ್ಟು ಉದ್ದದ ಆಯ್ಕೆ ಇರುವುದೇ ಇಲ್ಲವಾದ್ದರಿಂದ ಮುಂದೆ ಬಂದದ್ದೆಲ್ಲ ಒಳಗೆ ಹೋಗುತ್ತದೆ. ಸೈಜ್ 4094 ಆಗಿದ್ದರೆ ಉತ್ತರ ಶೂನ್ಯ, ತಡೆ ಭದ್ರ. ಅದಕ್ಕೂ ಓವರ್‌ಫ್ಲೋಗೂ ನಡುವೆ ಇರುವುದು ಒಂದೇ ಬೈಟ್.

ಅಲ್ಲಿಗೆ ನಿಖರವಾಗಿ ತಲುಪಲು 4095ನ್ನು ಸಮಭಾಗ ಮಾಡಿದೆ: ಅಲ್ಪವಿರಾಮ, ಒಂದಕ್ಷರದ ಹೆಸರು, ಸಮ ಚಿಹ್ನೆ, 60 ಅಕ್ಷರಗಳ ಮೌಲ್ಯ ಸೇರಿ ಒಂದು ಆಯ್ಕೆಗೆ 63 ಬೈಟ್; ಆಯ್ಕೆಯೊಂದನ್ನು ಕರ್ನಲ್‌ಗೆ ಕೊಡುವ ಸಿಸ್ಟಂ ಕರೆಯಾದ ಎಫ್‌ಎಸ್‌ಕಾನ್ಫಿಗ್ ಅನ್ನು 65 ಬಾರಿ ಕರೆದರೆ ಲೆಕ್ಕ ಚುಕ್ತಾ. 66ನೆಯ ಕರೆ ಬಫರ್‌ನಿಂದ ಹೊರಗೆ ಬರೆಯುತ್ತದೆ. ಸಾಮಾನ್ಯವಾಗಿ ಕಟ್ಟಿದ 5.16.1 ಕರ್ನಲ್‌ನಲ್ಲಿ ಈ ಪ್ರೋಗ್ರಾಂ ಯಾವ ಸೂಚನೆಯನ್ನೂ ಕೊಡದೆ ಮುಗಿಯಿತು. ಇಂಥ ದೋಷಗಳ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಮೌನವೇ; ಪಕ್ಕದ ಆಬ್ಜೆಕ್ಟ್ ಯಾರದ್ದು, ಅದರಲ್ಲಿ ಏನು ಕೆಟ್ಟಿತು ಎಂಬುದಕ್ಕೆ ಕುರುಹೇ ಇರುವುದಿಲ್ಲ.

ಮೆಮೊರಿ ದೋಷಗಳನ್ನು ಪತ್ತೆಹಚ್ಚುವ ಕರ್ನಲ್ ಅಡ್ರೆಸ್ ಸ್ಯಾನಿಟೈಸರ್, ಅಂದರೆ ಕೆಸಾನ್, ಸೇರಿಸಿ ಅದೇ ಆವೃತ್ತಿಯನ್ನು ಮತ್ತೆ ಕಟ್ಟಿದಾಗ ಚಿತ್ರ ಬದಲಾಯಿತು. ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್ ನೆರಳು ಮೆಮೊರಿ ಇಟ್ಟುಕೊಂಡು, ಮುಟ್ಟಬಾರದ ಜಾಗವನ್ನು ಅದರಲ್ಲಿ ಗುರುತು ಮಾಡುವುದು ಅದರ ವಿಧಾನ. 66ನೆಯ ಕರೆಗೆ ವರದಿ ಬಂತು: ಸ್ಲ್ಯಾಬ್ (ಕರ್ನಲ್ ಹಂಚಿಕೊಟ್ಟ ಮೆಮೊರಿ ತುಂಡು) ಮಿತಿ ಮೀರಿದ ಬರವಣಿಗೆ, ಗಾತ್ರ 1 ಬೈಟ್, 4096 ಬೈಟ್‌ಗಳ ಪ್ರದೇಶ ಮುಗಿದ ಕೂಡಲೇ. ಈ ‘1 ಬೈಟ್’ ಅನ್ನು ನೋಡಿ ಅಪಾಯ ಸಣ್ಣದೆಂದುಕೊಳ್ಳುವಂತಿಲ್ಲ. ಮೊದಲು ಹೊರಬಿದ್ದದ್ದು ಒಂದಕ್ಷರದ ಹೆಸರು. ಅದರ ಹಿಂದೆಯೇ ಸಮ ಚಿಹ್ನೆಯೂ 60 ಬೈಟ್‌ಗಳ ಮೌಲ್ಯವೂ ಹೋಗಿವೆ, ಆದರೆ ಕೆಸಾನ್ ತಾನಾಗಿ ಮೊದಲನೆಯ ವರದಿಗೇ ನಿಲ್ಲುತ್ತದೆ. ಬೂಟ್ ಆಯ್ಕೆಗಳಲ್ಲಿ ಕೆಸಾನ್_ಮಲ್ಟಿ_ಶಾಟ್ ಸೇರಿಸಿದ ಮೇಲೆ ಉಳಿದವೂ ಕಾಣಿಸಿಕೊಂಡವು. ಹೊರಬೀಳುವ ಬೈಟ್‌ಗಳು ಯಾವುವು, ಎಷ್ಟು ಎಂಬುದನ್ನು ಬರೆಯುವವರೇ ಬಹುಮಟ್ಟಿಗೆ ನಿರ್ಧರಿಸಬಹುದಾದ್ದರಿಂದ ಈ ದೋಷ ನಿಜಕ್ಕೂ ಗಂಭೀರವಾದದ್ದು.

ಇದಕ್ಕೆ ರೂಟ್ ಅಧಿಕಾರವೂ ಬೇಕಾಗಲಿಲ್ಲ. ಎಫ್‌ಎಸ್‌ಕಾನ್ಫಿಗ್‌ಗೂ ಮೊದಲು ಕರೆಯಬೇಕಾದ ಎಫ್‌ಎಸ್‌ಓಪನ್ ಕೇಳುವುದು ಆಡಳಿತಾಧಿಕಾರವನ್ನೇ ಆದರೂ, ಹೊಸ ಯೂಸರ್ ನೇಮ್‌ಸ್ಪೇಸ್ ಮತ್ತು ಮೌಂಟ್ ನೇಮ್‌ಸ್ಪೇಸ್ (ಬಳಕೆದಾರರ ಅಧಿಕಾರಗಳಿಗೂ ಮೌಂಟ್‌ಗಳಿಗೂ ಕರ್ನಲ್ ಕಟ್ಟಿಕೊಡುವ ಪ್ರತ್ಯೇಕ ವಲಯಗಳು) ತೆರೆಯಬಲ್ಲ ಸಾಮಾನ್ಯ ಬಳಕೆದಾರರಿಗೆ ಆ ವಲಯದೊಳಗೆ ಅದು ಸಿಕ್ಕಿಬಿಡುತ್ತದೆ. ಪರೀಕ್ಷಾ ಯಂತ್ರದಲ್ಲಿ ಯೂಸರ್ ನೇಮ್‌ಸ್ಪೇಸ್‌ಗಳ ಗರಿಷ್ಠ ಮಿತಿಯನ್ನು ಶೂನ್ಯಕ್ಕಿಳಿಸಿದಾಗ ಪ್ರೋಗ್ರಾಂ ಮೊದಲ ಹೆಜ್ಜೆಯಲ್ಲೇ ನಿಂತಿತು.

ತಿದ್ದುಪಡಿಯಲ್ಲಿ ವ್ಯವಕಲನವೇ ಇಲ್ಲ: ‘ಸೈಜ್ + ಉದ್ದ + 2’ ಪೇಜ್_ಸೈಜ್‌ಗಿಂತ ಹೆಚ್ಚಿದ್ದರೆ ತಿರಸ್ಕಾರ. ಸಂಕಲನವೂ ಉಕ್ಕಬಹುದಲ್ಲವೇ ಎಂಬ ಸಂದೇಹ ನ್ಯಾಯವಾದದ್ದೇ. ಆದರೆ ಹೆಸರಿಗೂ ಮೌಲ್ಯಕ್ಕೂ ಎಫ್‌ಎಸ್‌ಕಾನ್ಫಿಗ್‌ನಲ್ಲೇ ತಲಾ 256 ಬೈಟ್‌ಗಳ ಮಿತಿಯಿರುವುದರಿಂದ ಇಲ್ಲಿ ಅದಕ್ಕೆ ಅವಕಾಶವಿಲ್ಲ. ಸೈಜ್ 4095 ಆಗಿರುವಾಗ ಉದ್ದ ಶೂನ್ಯವಿದ್ದರೂ ಮೊತ್ತ 4097 ಆಗಿ ತಡೆ ಬೀಳುತ್ತದೆ. 5.16.2ರಲ್ಲಿ 66ನೆಯ ಕರೆ ಅಮಾನ್ಯ ಆರ್ಗ್ಯುಮೆಂಟ್ ಎಂಬ ದೋಷದೊಂದಿಗೆ ಹಿಂತಿರುಗಿತು, ಕೆಸಾನ್ ಲಾಗ್ ಖಾಲಿ ಉಳಿಯಿತು.

ಈಗ ಸಿ ಕೋಡ್‌ನಲ್ಲಿ ನಿರ್ದಿಷ್ಟ ಮಾದರಿಯ ಸಾಲುಗಳನ್ನು ಹುಡುಕುವ ಸಾಧನವಾದ ಕಾಕ್ಸಿನೆಲ್‌ನಲ್ಲಿ ಒಂದು ನಿಯಮ ಬರೆಯುತ್ತಿದ್ದೇನೆ: ಮಿತಿ ಪರೀಕ್ಷೆಯ ಒಂದು ಬದಿಯಲ್ಲಿ ಸ್ಥಿರಾಂಕದಿಂದ ಚಿಹ್ನೆಯಿಲ್ಲದ ವೇರಿಯಬಲ್ ಕಳೆಯುವ ಸಾಲುಗಳನ್ನೆಲ್ಲ ಅದು ಫೈಲ್‌ಸಿಸ್ಟಂ ಕೋಡ್‌ನಿಂದ ಹೆಕ್ಕಿ ಕೊಡಬೇಕು. 5.16.1ರಲ್ಲಿ ಈ ಸಾಲನ್ನು ಅದು ಹಿಡಿಯುತ್ತದೆ. ಕಳೆಯುವ ಮೊದಲೇ ವೇರಿಯಬಲ್‌ಗೆ ಮಿತಿ ಹಾಕಿರುವ ಸುರಕ್ಷಿತ ಸಾಲುಗಳನ್ನು ಬೇರ್ಪಡಿಸುವ ಭಾಗ ಇನ್ನೂ ಬಾಕಿಯಿದೆ.